ಬಾಲವಿಲ್ಲದ ಮಾತು

ಅಮ್ರಾಮ್ ಅಸ್ರಾಫ್ ಹದಿನಾರು ವರ್ಷ ಸಂಸತ್ತಿನಲ್ಲಿ ಕೂತಿದ್ದರೂ ಯಾರಿಗೂ ಒಂದು ಪೂರ್ತಿ ಮಾತು ಕೊಟ್ಟವನಲ್ಲ. ರಸ್ತೆ ಮಾಡಿಸಿಕೊಡ್ತೀನಿ, ಆಣೆಯಲ್ಲ. ಶಾಲೆಗೆ ಛಾವಣಿ ಹಾಕಿಸ್ತೀನಿ, ಆಣೆಯಲ್ಲ. ಐದು ಗಂಟೆಗೆ ಬರ್ತೀನಿ, ಆಣೆಯಲ್ಲ. ದೇವರಿಗೆ ಹೆದರುವ ಯೆಹೂದಿ ಮನೆಗಳಲ್ಲಿ ಹೀಗೆಯೇ ಮಾತಾಡುವುದು. ಹೇಳಿದ್ದು ನಡೆಯದೆ ಹೋದರೆ ಆಣೆ ಮುರಿದ ಪಾಪ ತಲೆಗೆ ಸುತ್ತಿಕೊಳ್ಳಬಾರದೆಂದು, ಮಕ್ಕಳಿಗೆ ಮಾತು ಬರುವಾಗಲೇ ಮಾತಿನ ಹಿಂದೆ ಈ ಬಾಲ ಅಂಟಿಸುವುದನ್ನೂ ಕಲಿಸುತ್ತಾರೆ. ಅವನ ಅಪ್ಪ ಮೊರಾಕೊದ ಬೆಟ್ಟದ ಊರಿನಿಂದ ಬಂದು ದಕ್ಷಿಣದ ಮರಳಿನಲ್ಲಿ ಡೇರೆ ಹಾಕಿದವನು, ವಾರವಿಡೀ ಮೀನು ಮಾರಿ ಸಬ್ಬತ್ತಿನ ದಿನ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದವನು, ಗಿರಾಕಿಗೆ "ನಾಳೆ ತಾಜಾ ಮೀನು ಬರುತ್ತೆ" ಎನ್ನುವಾಗಲೂ ಬಾಲ ಹಚ್ಚದೆ ಬಿಡುತ್ತಿರಲಿಲ್ಲ.

ಎದುರು ಪಕ್ಷದವರಿಗೆ ಇದು ನಿತ್ಯದ ತಮಾಷೆ. ಅಮ್ರಾಮ್ ಭಾಷಣಕ್ಕೆ ಎದ್ದರೆ ಸಾಕು, ಆ ಕಡೆಯ ಬೆಂಚಿನಿಂದ ಅದೀಬ್ ಕಸ್ಸೂಮ್ "ಬಾಲ ಮರೀಬೇಡಪ್ಪಾ" ಎಂದು ಕೂಗುತ್ತಿದ್ದ. ಅದೀಬ್ ಗಲಿಲೀ ಕಡೆಯ ಅರಬ್ ವಕೀಲ. ಇಬ್ಬರೂ ಒಂದೇ ಚುನಾವಣೆಯಲ್ಲಿ ಗೆದ್ದು ಬಂದವರು. ಸಭಾಧ್ಯಕ್ಷರು ಅಮ್ರಾಮ್‌ನನ್ನು ಮೂವತ್ತೊಂದು ಸಲ ಹೊರಗೆ ಹಾಕಿದ್ದರು. ಅದರಲ್ಲಿ ಇಪ್ಪತ್ತಾದರೂ ಅದೀಬ್‌ನ ಜೊತೆ ಕಿತ್ತಾಡಿದ್ದಕ್ಕೆ. ಇವನು ಈ ನೆಲ ದೇವರು ಕೊಟ್ಟದ್ದು ಎನ್ನುವವನು. ಅವನು ಈ ನೆಲ ನನ್ನ ಅಜ್ಜ ಉತ್ತದ್ದು ಎನ್ನುವವನು. ಹದಿನಾರು ವರ್ಷದಲ್ಲಿ ಒಬ್ಬರು ಇನ್ನೊಬ್ಬರ ಮಾತಿಗೆ ಒಂದು ಕೂದಲೆಳೆಯಷ್ಟೂ ಬಗ್ಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಸಂಸತ್ತಿನ ಊಟದ ಕೋಣೆಯಲ್ಲಿ ಇಬ್ಬರೂ ಬೇಳೆ ಸೂಪಿನ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದರು. ಅದೀಬ್‌ಗೆ ಫೋನು ಬಂತು. ಅವನು ಕೇಳಿದ, ಫೋನು ಜೇಬಿಗೆ ಹಾಕಿದ, ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತ. ಅಮ್ರಾಮ್ ತಟ್ಟೆ ಇಸಿದುಕೊಂಡ. ಅಮ್ಮ ಹೋದಳು ಎಂದ ಅದೀಬ್. ಸಂಜೆಯೊಳಗೆ ಮಣ್ಣು ಮಾಡುತ್ತಾರೆ, ಆಮೇಲೆ ಮೂರು ದಿನ ಜನ ಬರುತ್ತಾರೆ, ಹಿರಿಯ ಮಗನಾಗಿ ತಾನೇ ಬಾಗಿಲಲ್ಲಿ ಕೂರಬೇಕು, ಆದರೆ ಈ ವಾರ ಒಂದೊಂದು ಮತಕ್ಕೂ ಎಳೆದಾಟ, ತನ್ನ ಪಕ್ಷದವರು ಬಿಡುತ್ತಾರೋ ಇಲ್ಲವೋ ಎಂದು ಒಂದಕ್ಕೊಂದು ಹೊಂದದ ಹಾಗೆ ಹೇಳತೊಡಗಿದ.

ಸಂಸತ್ತಿನಲ್ಲಿ ಇದಕ್ಕೊಂದು ಹಳೆಯ ರೂಢಿ ಇದೆ. ಜೋಡಿ ಕಟ್ಟುವುದು ಎನ್ನುತ್ತಾರೆ. ಆ ಕಡೆಯವನೊಬ್ಬ ಬರಲಾಗದಿದ್ದರೆ ಈ ಕಡೆಯವನೊಬ್ಬ ತಾನೂ ಮತ ಹಾಕುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಒಬ್ಬರಿಗೊಬ್ಬರು ವಜಾ. ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ಮಾತಿನ ಮೇಲೆ ನಡೆಯುತ್ತದೆ.

"ನೀನು ಹೊರಡು," ಎಂದ ಅಮ್ರಾಮ್. "ನೀನು ವಾಪಸ್ ಬರೋವರೆಗೆ ನಾನು ಮತ ಹಾಕಲ್ಲ."

ಅದೀಬ್ ಅಂಥ ಹೊತ್ತಿನಲ್ಲೂ ಕಾದು ನೋಡಿದ. "ಬಾಲ ಎಲ್ಲಿ?"

"ಇವತ್ತು ಬಾಲ ಇಲ್ಲ. ಹೋಗು, ಮಣ್ಣಿಗೆ ತಡವಾಗುತ್ತೆ."

ಎರಡು ತಟ್ಟೆ ಹಿಡಿದು ನಿಂತವನಿಗೆ ಆಮೇಲೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಬೇಕೆಂದೇ ಬಿಟ್ಟೆನೋ, ಬಾಯಿ ತಪ್ಪಿ ಬಿಟ್ಟೆನೋ ಅವನಿಗೇ ಗೊತ್ತಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಬಜೆಟ್ಟಿನ ಮತದಾನದ ದಿನ ಅಮ್ರಾಮ್‌ನ ಅಮ್ಮ ಸತ್ತಿದ್ದಳು. ಪಕ್ಷದ ನಾಯಕ ಗೆರ್ಶೋನ್ ಲಿಪ್ಕಿನ್ ಇವನ ಭುಜದ ಮೇಲೆ ಕೈಯಿಟ್ಟು, ಇನ್ನೊಂದೇ ಒಂದು ಮತ, ಮುಗಿಸಿ ಹೋಗು, ಅಮ್ಮನನ್ನು ನೋಡಿಕೊಳ್ಳಲು ಅಲ್ಲಿ ನಿನ್ನ ಅಣ್ಣಂದಿರಿದ್ದಾರೆ ಎಂದಿದ್ದ. ಒಂದು ಮತ ಎಂಟಾಯಿತು. ಇವನು ಊರು ಮುಟ್ಟಿದಾಗ ಗುಂಡಿ ಮುಚ್ಚಿ, ಗುದ್ದಲಿ ತೊಳೆದು, ಜನ ಮನೆಗೆ ಹೋಗಿ ಶೋಕದ ಊಟದ ಮೊಟ್ಟೆ ತಿನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಲಿಪ್ಕಿನ್ ಪಕ್ಷದವರನ್ನೆಲ್ಲ ಕೋಣೆಗೆ ಕರೆದು, ಗಿವಾತ್ ತಿರೋಶ್ ಮಸೂದೆ ನಾಳೆಯೇ ಮತಕ್ಕೆ ಬರುತ್ತದೆ ಎಂದ.

ಅದು ಅಮ್ರಾಮ್‌ನ ಮಸೂದೆ. ಏಳು ವರ್ಷದಿಂದ ಅವನು ಹೊತ್ತು ತಿರುಗುತ್ತಿದ್ದದ್ದು. ಗಿವಾತ್ ತಿರೋಶ್ ಒಂದು ಬೋಳು ಗುಡ್ಡ, ಅದರ ಮೇಲೆ ನಲವತ್ತು ತಗಡಿನ ಮನೆ. ಅಲ್ಲಿಯವರಿಗೆ ಅದು ಪಿತೃಗಳ ನೆಲ. ಕೆಳಗಿನ ಹಳ್ಳಿಯವರು ತಮ್ಮ ಆಲಿವ್ ತೋಟದ ಮೇಲುಭಾಗ ಎಂದು ಕೋರ್ಟಿಗೆ ಹೋಗಿದ್ದರು. ಕೋರ್ಟು ಬೇಸಿಗೆಯೊಳಗೆ ಕಿತ್ತುಹಾಕಿ ಎಂದಿತ್ತು. ಕಾನೂನು ಬಂದರೆ ಮನೆಗಳು ಉಳಿಯುತ್ತವೆ, ಇಲ್ಲವಾದರೆ ಬುಲ್ಡೋಜರು ಬರುತ್ತದೆ. ಸಾಲಿನ ಕೊನೆಯ ಮನೆಯಲ್ಲಿ ಅವನ ಮಗಳು ಒಡೆಲ್ಯಾ, ಅಳಿಯ, ನಾಲ್ಕು ಮೊಮ್ಮಕ್ಕಳು.

ನೂರ ಇಪ್ಪತ್ತು ಜನರ ಸಭೆಯಲ್ಲಿ ಮಸೂದೆಯ ಪರ ಅರವತ್ತು, ವಿರುದ್ಧ ಅರವತ್ತು. ಸಮಸಮ ಬಂದರೆ ಮಸೂದೆ ಬಿದ್ದಂತೆ. ಅದಕ್ಕೇ ಏಳು ವರ್ಷ ಅದು ಕಪಾಟಿನಲ್ಲಿ ಕೊಳೆಯುತ್ತಿತ್ತು. ಈಗ ಆ ವಿರುದ್ಧದ ಅರವತ್ತರಲ್ಲಿ ಒಬ್ಬ ಗಲಿಲೀಯಲ್ಲಿ ಅಮ್ಮನ ಶೋಕದಲ್ಲಿ ಕೂತಿದ್ದಾನೆ. ಲಿಪ್ಕಿನ್ ಅದನ್ನು ಹೇಳುವಾಗ ನಗಲಿಲ್ಲ, ಆದರೆ ಅವನ ಗಡ್ಡ ನಗುತ್ತಿತ್ತು.

ಅಮ್ರಾಮ್ ಕೂತಲ್ಲಿಂದಲೇ ತಾನು ಜೋಡಿ ಕಟ್ಟಿದ್ದೇನೆ ಎಂದ.

ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಯಾರ ಜೊತೆ, ಯಾಕೆ, ಯಾರನ್ನು ಕೇಳಿ. ಹೋದ ವರ್ಷ ಆ ಕಡೆಯವರೇ ಎರಡು ಸಲ ಜೋಡಿ ಮುರಿಯಲಿಲ್ಲವೇ ಎಂದ ಒಬ್ಬ. ಅರಬನಿಗೆ ಕೊಟ್ಟ ಮಾತಂತೆ ಎಂದು ಮೂಗು ಮುರಿದ ಇನ್ನೊಬ್ಬ. ಲಿಪ್ಕಿನ್ ಕೈಯೆತ್ತಿ ಗದ್ದಲ ಅಡಗಿಸಿ ತಣ್ಣಗೆ ಹೇಳಿದ: ಅಮ್ರಾಮ್ ಮಾತಿಗೆ ಯಾವತ್ತೂ ಬಾಲ ಇರುತ್ತಲ್ಲ, ಮತ್ತೇನು ತೊಂದರೆ.

"ಈ ಸಲ ಇಲ್ಲ," ಎಂದ ಅಮ್ರಾಮ್.

ಲಿಪ್ಕಿನ್‌ಗೆ ಅರ್ಥವಾಯಿತು. ಅವನೂ ದೇವರಿಗೆ ಹೆದರುವ ಮನೆಯಲ್ಲೇ ಬೆಳೆದವನು. ಶೋಕದಲ್ಲಿರುವವನಿಗೆ ನೆರವಾಗುವುದು ಪುಣ್ಯದ ಕೆಲಸ, ಅಂಥ ಕೆಲಸಕ್ಕೆ ಬಾಲವಿಲ್ಲದೆ ಕೊಟ್ಟ ಮಾತು ಆಣೆಯೇ. ಆದರೆ ಆಣೆಗೂ ಮದ್ದಿದೆ. ಮೂವರು ಕೂತು ಬಿಡಿಸಬಹುದು. ವರ್ಷ ವರ್ಷ ಹೊಸ ವರ್ಷದ ಹಿಂದಿನ ಬೆಳಿಗ್ಗೆ ಎಲ್ಲರೂ ಪ್ರಾರ್ಥನಾ ಮಂದಿರದಲ್ಲಿ ಮೂರು ಮೂರು ಜನ ಕೂತು ಒಬ್ಬರ ಆಣೆ ಒಬ್ಬರು ಬಿಡಿಸಿಕೊಂಡು ಕಾಫಿ ಕುಡಿಯಲು ಹೋಗುತ್ತಾರೆ. ಲಿಪ್ಕಿನ್, ಅಷ್ಟೇ ತಾನೇ, ನಾಳೆ ಬೆಳಿಗ್ಗೆ ರಬ್ಬಿ ಕಲ್ಮನ್ ಅವರನ್ನೇ ಕರೆಸ್ತೀನಿ ಎಂದ.

ರಬ್ಬಿ ಕಲ್ಮನ್ ಎಂದರೆ ಪಕ್ಷದ ಗುರು, ಅಮ್ರಾಮ್‌ಗೆ ಹದಿನೈದನೇ ವಯಸ್ಸಿನಲ್ಲಿ ಪಾಠ ಹೇಳಿದವರು. ಮೀನಿನ ವಾಸನೆ ಹೊಡೆಯುವ ಹುಡುಗ ಎಂದು ಜೊತೆಯವರು ಬೆಂಚಿನಲ್ಲಿ ಜಾಗ ಬಿಡದಿದ್ದಾಗ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡವರು. ಅಮ್ರಾಮ್ ಟ್ಯಾಂಕ್ ಪಡೆಯಿಂದ ಬಂದು ಮೇಷ್ಟ್ರಾದದ್ದು, ಊರಿನ ಮೇಯರ್ ಆದದ್ದು, ಪಕ್ಷದ ಅಭ್ಯರ್ಥಿಗಳ ಪಟ್ಟಿ ಹತ್ತಿದ್ದು ಎಲ್ಲ ಅವರ ಮಾತಿನಿಂದ. ಪಟ್ಟಿಯಲ್ಲಿ ನಾಲ್ಕು ಸಲವೂ ಅವನಿಗೆ ಏಳನೆಯ ಜಾಗ, ಮೊರಾಕೊದವರ ಮತಕ್ಕೆ ಒಂದು ಮುಖ ಬೇಕಲ್ಲ ಎಂದು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಏಳನೆಯವನಾಗಿ ನಿಂತು ಮೊದಲನೆಯವನ ಹಾಗೆ ಕೂಗುತ್ತಿದ್ದ.

ಸಂಜೆ ಮನೆಗೆ ಬಂದಾಗ ಹೆಂಡತಿ ಜೋಹರಾಗೆ ಆಗಲೇ ಎಲ್ಲ ಸುದ್ದಿ ಮುಟ್ಟಿತ್ತು. ಒಡೆಲ್ಯಾ ಮೂರು ಸಲ ಫೋನು ಮಾಡಿದ್ದಳಂತೆ. ಜೋಹರಾ ಮೀನಿನ ಹುಳಿಯನ್ನು ಅವನ ಮುಂದೆ ಇಟ್ಟಳು, ಬ್ರೆಡ್ಡು ಮುರಿದು ಕೊಟ್ಟಳು, ಎದುರು ಕೂತಳು.

"ಅವನಿಗೊಂದು ಫೋನು ಮಾಡು," ಎಂದಳು. "ನಾಳೆ ಬಂದು ಮತ ಹಾಕಿ ಹೋಗಪ್ಪಾ ಅಂತ ಹೇಳು. ಎರಡೂವರೆ ಗಂಟೆ ದಾರಿ. ಅವನೂ ಹಾಕ್ತಾನೆ, ನೀನೂ ಹಾಕು. ಬಿದ್ದರೆ ಬೀಳಲಿ. ನಿನ್ನನ್ನು ಯಾರೂ ಏನೂ ಅನ್ನಲ್ಲ."

ಅಮ್ರಾಮ್ ತುಂಬ ಹೊತ್ತು ಬ್ರೆಡ್ಡನ್ನು ಹುಳಿಯಲ್ಲಿ ಅದ್ದಿ ಹಿಡಿದಿದ್ದ. ಅವಳು ಹೇಳಿದ್ದು ಸರಿಯಾಗಿತ್ತು. ಮಸೂದೆ ಹೇಗೂ ಬೀಳುತ್ತದೆ, ಆದರೆ ಇವನ ತಲೆ ಉಳಿಯುತ್ತದೆ. ಅದೀಬ್ ಒಂದು ಮಾತೂ ಆಡದೆ ಕಾರು ಹತ್ತಿ ಬರುತ್ತಾನೆ ಎಂಬುದೂ ಗೊತ್ತಿತ್ತು. ಅದೇ ಅವನಿಗೆ ಸಹಿಸಲಾಗಲಿಲ್ಲ.

"ಅವನು ಅಲ್ಲಿ ಕೂರಲಿ ಅಂತಲೇ ಅಲ್ವಾ ಮಾತು ಕೊಟ್ಟದ್ದು. ಎಬ್ಬಿಸಿ ಕರೆಯೋದಾದರೆ ನನಗೂ ಲಿಪ್ಕಿನ್‌ಗೂ ಏನು ವ್ಯತ್ಯಾಸ?"

"ವ್ಯತ್ಯಾಸ ಇದೆ. ಲಿಪ್ಕಿನ್ ಮಗಳ ಮನೆ ಬೀಳಲ್ಲ," ಎಂದು ಜೋಹರಾ ತಟ್ಟೆ ಎತ್ತಿಕೊಂಡು ಹೋದಳು. ಅವನಿನ್ನೂ ಊಟ ಮುಗಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಲಿಪ್ಕಿನ್‌ನ ಕೋಣೆಯಲ್ಲಿ ಮೂರು ಕುರ್ಚಿ ಸಾಲಾಗಿ ಹಾಕಿದ್ದರು. ನಡುವೆ ರಬ್ಬಿ ಕಲ್ಮನ್, ಒಂದು ಪಕ್ಕ ಲಿಪ್ಕಿನ್, ಇನ್ನೊಂದು ಪಕ್ಕ ಪಕ್ಷದ ಸಚೇತಕ. ಬಿಡಿಸುವವರು ಕೂರಬೇಕು, ಬಿಡಿಸಿಕೊಳ್ಳುವವನು ನಿಲ್ಲಬೇಕು. ಅಮ್ರಾಮ್ ನಿಂತ. ರಬ್ಬಿಗೆ ಎಂಬತ್ತಾರು ವರ್ಷ. ಅವರು ಅವನಿಂದ ಎಲ್ಲವನ್ನೂ ಮೊದಲಿನಿಂದ ಹೇಳಿಸಿದರು. ಸೂಪಿನ ಸಾಲನ್ನೂ ಬಿಡಲಿಲ್ಲ.

ನಂತರ, ಬುಧವಾರ ಇಂಥ ಮಸೂದೆ ಮತಕ್ಕೆ ಬರುತ್ತದೆಂದು ಸೋಮವಾರವೇ ಗೊತ್ತಿದ್ದರೆ ಮಾತು ಕೊಡುತ್ತಿದ್ದೆಯಾ ಎಂದು ಕೇಳಿದರು.

ಅಮ್ರಾಮ್‌ಗೆ ಇದು ಬಾಗಿಲು ಎಂದು ತಿಳಿಯಿತು. ಇಲ್ಲ ಎಂದರೆ ಸಾಕು, ತೆರೆಯುತ್ತದೆ. "ರಬ್ಬಿಗಳೇ, ಆಣೆ ಆದ ಮೇಲೆ ಹುಟ್ಟಿದ ಕಾರಣದಿಂದ ಆಣೆ ಬಿಡಿಸೋದಕ್ಕೆ ಬರಲ್ಲ ಅಂತ ನೀವೇ ಹೇಳಿಕೊಟ್ಟಿದ್ದು. ನನಗಾಗ ಹದಿನೇಳು ವರ್ಷ. ಉತ್ತರ ಬರದೆ ಹೋದಾಗ ನನ್ನನ್ನ ಮಳೇಲಿ ನಿಲ್ಲಿಸಿದ್ರಿ."

ಮುದುಕರ ಮುಖದಲ್ಲಿ ಏನೋ ಹಾದುಹೋಯಿತು. ಶಿಷ್ಯ ತಪ್ಪು ಹಿಡಿದರೆ ಗುರುವಿಗಾಗುವ ಸಂತೋಷವನ್ನು ಅವರು ಅದುಮಿಟ್ಟುಕೊಂಡರು. "ಹಾಗಾದರೆ ಒಂದೇ ದಾರಿ ಉಳೀತು. ಕೊಟ್ಟ ಮಾತಿಗೆ ನನಗೆ ಪಶ್ಚಾತ್ತಾಪ ಇದೆ ಅನ್ನು. ನಾವು ಬಿಡಿಸ್ತೀವಿ."

ಅಮ್ರಾಮ್ ಪ್ರಾಮಾಣಿಕವಾಗಿ ಹುಡುಕಿದ. ತನ್ನೊಳಗೆ ಎಲ್ಲಾದರೂ ಒಂದು ಚೂರು ಪಶ್ಚಾತ್ತಾಪ ಸಿಕ್ಕರೆ ಹೇಳಿಬಿಡೋಣ ಎಂದೇ ಹುಡುಕಿದ. ಮಗಳ ಮನೆಯ ತಗಡು ನೆನೆದ, ಮಕ್ಕಳ ಮಂಚ ನೆನೆದ. ನೋವು ಬೇಕಾದಷ್ಟು ಸಿಕ್ಕಿತು. ಭಯವೂ ಸಿಕ್ಕಿತು. ಅದೀಬ್‌ನ ಮೇಲೆ ಹಳೆಯ ಸಿಟ್ಟು ಇದ್ದ ಜಾಗದಲ್ಲೇ ಇತ್ತು. ಪಶ್ಚಾತ್ತಾಪ ಸಿಗಲಿಲ್ಲ.

ಲಿಪ್ಕಿನ್‌ಗೆ ಕಾದು ಸಾಕಾಯಿತು. "ಬರೀ ಬಾಯಲ್ಲಿ ಅಂದ್ಬಿಡು ಮಾರಾಯ. ಒಂದು ಪದ."

"ಬಾಯಲ್ಲಿ ಅಂದರೆ ಆಗಲ್ಲ," ಎಂದರು ರಬ್ಬಿ, ಅವನ ಕಡೆ ತಿರುಗದೆ. "ಮನಸ್ಸಲ್ಲಿ ಇರಬೇಕು. ಸುಳ್ಳು ಹೇಳಿದರೆ ಆಣೆಯೂ ಉಳಿಯುತ್ತೆ, ಸುಳ್ಳೂ ಸೇರಿಕೊಳ್ಳುತ್ತೆ."

"ಇಲ್ಲ ರಬ್ಬಿಗಳೇ," ಎಂದ ಅಮ್ರಾಮ್. "ನನಗೆ ಪಶ್ಚಾತ್ತಾಪ ಇಲ್ಲ. ನಾಳೆ ಮತ್ತೆ ಅವನ ಅಮ್ಮ ಸತ್ತರೆ ನಾಳೇನೂ ಕೊಡ್ತೀನಿ."

ರಬ್ಬಿ ಕಲ್ಮನ್ ಕೋಲೂರಿ ಎದ್ದರು. ಗಿವಾತ್ ತಿರೋಶ್‌ನ ಮೊದಲ ತಗಡಿಗೆ ಮೊಳೆ ಹೊಡೆದದ್ದು ನಿಮ್ಮ ಇದೇ ಕೈ ಎಂದು ಲಿಪ್ಕಿನ್ ನೆನಪಿಸಿದ. ಗೊತ್ತು ಎಂದರು ಅವರು. ಲಿಪ್ಕಿನ್ ಇನ್ನೊಂದು ಉಪಾಯ ಹುಡುಕಿ ಎಂದ, ಸಚೇತಕ ಯಾವುದೋ ಗ್ರಂಥದ ಹೆಸರು ಹೇಳಿದ.

"ಪಶ್ಚಾತ್ತಾಪ ಇಲ್ಲದ ಮೇಲೆ ಇದು ನ್ಯಾಯಪೀಠ ಅಲ್ಲ," ಎಂದರು ರಬ್ಬಿ. "ಮೂರು ಜನ ಗಂಡಸರು ಕುರ್ಚಿ ಮೇಲೆ ಕೂತಿದ್ದೀವಿ, ಅಷ್ಟೇ." ಬಾಗಿಲವರೆಗೆ ಹೋಗಿ ಅಮ್ರಾಮ್‌ನ ಪಕ್ಕ ನಿಂತರು. ಅವನ ಕೆನ್ನೆಗೆ ಒಂದು ಏಟು ಹಾಕಿದರು, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಆಶೀರ್ವಾದವೋ ಶಿಕ್ಷೆಯೋ ಹೇಳದೆ ಹೊರಟುಹೋದರು.

ಲಿಪ್ಕಿನ್ ಈಗ ಧ್ವನಿ ಇಳಿಸಿದ. ಮತದ ಹೊತ್ತಿಗೆ ಹೊರಗೆ ಹೋಗಿರು, ಹೊಟ್ಟೆ ಕೆಟ್ಟಿತ್ತು ಅಂತ ಪತ್ರಿಕೆಯವರಿಗೆ ಹೇಳ್ತೀವಿ, ಅಷ್ಟಾದರೂ ಪಕ್ಷದ ಮಾನ ಉಳಿಸು ಎಂದ. ಜೋಡಿ ಕಟ್ಟಿದವರು ಹೊರಗೆ ನಿಲ್ಲುವುದು ರೂಢಿಯೇ.

"ನನ್ನ ಹೊಟ್ಟೆಗೆ ಏನೂ ಆಗಿಲ್ಲ," ಎಂದ ಅಮ್ರಾಮ್.

ಮಧ್ಯಾಹ್ನ ಸಭೆ ತುಂಬಿತ್ತು. ಮೇಲೆ ಗಾಜಿನ ಹಿಂದೆ ಪ್ರೇಕ್ಷಕರ ಸಾಲಿನಲ್ಲಿ ಗಿವಾತ್ ತಿರೋಶ್‌ನ ಹೆಂಗಸರು ತಲೆವಸ್ತ್ರ ಕಟ್ಟಿ, ಕೂಸುಗಳನ್ನು ಎತ್ತಿಕೊಂಡು ಕೂತಿದ್ದರು. ಅವರ ನಡುವೆ ಒಡೆಲ್ಯಾ. ಅಪ್ಪ ಒಳಗೆ ಬಂದದ್ದು ಕಂಡು ಅವಳ ಪಕ್ಕದವಳು ಅವಳ ಕೈ ಹಿಡಿದಳು. ಬಂದ, ಹಾಗಾದರೆ ಹಾಕುತ್ತಾನೆ ಎಂದುಕೊಂಡಿರಬೇಕು. ಒಡೆಲ್ಯಾ ಮಾತ್ರ ಅಪ್ಪನ ನಡಿಗೆ ನೋಡಿಯೇ ತಿಳಿದುಕೊಂಡಳು. ಚಿಕ್ಕವಳಿದ್ದಾಗ ಪೊಲೀಸರು ಮೆರವಣಿಗೆಯಿಂದ ಎತ್ತಿಕೊಂಡು ಹೋಗಲು ಬಂದರೆ ಅವನು ಹೀಗೆಯೇ ನಡೆದು ಎದುರು ಹೋಗುತ್ತಿದ್ದ.

ಅವನು ತನ್ನ ಜಾಗದಲ್ಲಿ ಕೂತ. ಮುಂದಿನ ಮೇಜಿನಲ್ಲಿ ಮತದ ಗುಂಡಿಗಳು. ಪಕ್ಕದವನು ಅವನ ಮುಖ ನೋಡದೆ, ನೀನು ಒತ್ತಬೇಡ, ಆ ಕಡೆ ತಿರುಗಿಕೋ, ನಿನ್ನ ಗುಂಡಿ ನನಗೆ ಬಿಡು ಎಂದು ಗೊಣಗಿದ. ಸಭಾಧ್ಯಕ್ಷರು ಮತದಾನ ಶುರು ಎಂದರು.

ಅಮ್ರಾಮ್ ಎದ್ದು ನಿಂತ. ತನ್ನ ದಪ್ಪ ಹೊಟ್ಟೆಯನ್ನು ಗುಂಡಿಗಳ ಮೇಲೆ ಬೇಲಿಯ ಹಾಗೆ ಚಾಚಿ, ಎರಡೂ ಕೈಯನ್ನು ತಲೆಯ ಮೇಲೆ ಎತ್ತಿದ. ಹತ್ತೂ ಬೆರಳು ಬಿಡಿಸಿ, ಇಡೀ ಸಭೆಗೆ, ಕ್ಯಾಮೆರಾಗಳಿಗೆ, ಮೇಲಿನ ಗಾಜಿಗೆ ಕಾಣುವ ಹಾಗೆ. ಎದುರು ಬೆಂಚಿನಲ್ಲಿ ಅದೀಬ್‌ನ ಜಾಗ ಖಾಲಿ. ಹಿಂದಿನಿಂದ ಯಾರೋ ದ್ರೋಹಿ ಎಂದರು. ಅವನು ಯಾವತ್ತೂ ಬೈಗುಳಕ್ಕೆ ಬಾಕಿ ಉಳಿಸಿಕೊಂಡವನಲ್ಲ, ಆದರೆ ಇವತ್ತು ತಿರುಗಿ ನೋಡಲಿಲ್ಲ. ಹಲಗೆಯಲ್ಲಿ ಅಂಕೆಗಳು ಓಡಿ ನಿಂತವು. ಐವತ್ತೊಂಬತ್ತು, ಐವತ್ತೊಂಬತ್ತು. ಮಸೂದೆ ಬಿತ್ತು. ಅವನು ಕೈ ಇಳಿಸಿದ್ದು ಆಮೇಲೆ.

ಹೊರಗಿನ ಮೊಗಸಾಲೆಯಲ್ಲಿ ಲಿಪ್ಕಿನ್ ಕಾದಿದ್ದ. ಮುಂದಿನ ಪಟ್ಟಿಯಲ್ಲಿ ಏಳನೆಯದಿರಲಿ, ಎಪ್ಪತ್ತನೆಯ ಜಾಗವೂ ನಿನಗಿಲ್ಲ ಎಂದ. ಪಟ್ಟಿ ನಿನ್ನದು, ಮಸೂದೆ ನನ್ನದು, ಆರು ತಿಂಗಳು ಕಳೆದ ಮೇಲೆ ಮತ್ತೆ ತರಬಹುದು ಅಂತ ನಿಯಮ ಇದೆ, ತರ್ತೀನಿ ಎಂದ ಅಮ್ರಾಮ್. ಬೇಸಿಗೆಗೆ ಮೂರೇ ತಿಂಗಳಿದೆ ಎಂದು ಲಿಪ್ಕಿನ್ ಹೇಳಿದ. ಒಡೆಲ್ಯಾ ಮೆಟ್ಟಿಲಿಳಿದು ಬಂದಳು, ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು, ಗೋಡೆಯ ಪಕ್ಕ ಹಾದುಹೋಗುವ ಹಾಗೆ ಅವನ ಪಕ್ಕ ಹಾದುಹೋದಳು.

ಗುರುವಾರ ಅದೀಬ್ ಫೋನು ಮಾಡಿದ. ದನಿ ಕಟ್ಟಿತ್ತು, ಮೂರು ದಿನ ಜನರಿಗೆ ಸಲಾಮು ಹೇಳಿ ಹೇಳಿ.

"ನೀನು ಇಷ್ಟು ಮಾಡಿದೆ ಅಂತ ನಾನೇನೂ ಬದಲಾಗಲ್ಲ ಅಮ್ರಾಮ್. ಮತ್ತೆ ತಂದರೆ ಮತ್ತೆ ವಿರುದ್ಧವೇ."

"ಗೊತ್ತು. ಸ್ನೇಹಿತನಾಗಿದ್ದರೆ ಜೋಡಿ ಯಾಕೆ ಬೇಕಿತ್ತು?"

ಅಮ್ಮನಿಗೆ ತೊಂಬತ್ತೊಂದು ಆಗಿತ್ತು ಎಂದ ಅದೀಬ್. ಅಮ್ರಾಮ್ ಅವಳ ಹೆಸರು ಕೇಳಿದ. ಅದೀಬ್ ಹೇಳಿದ. ಅಷ್ಟೇ ಮಾತು.

ಶುಕ್ರವಾರ ಬೆಳಿಗ್ಗೆ ಅಮ್ರಾಮ್ ಮತ್ತು ಜೋಹರಾ ಕಾರಿನ ಮೇಲೆ ಎರಡು ಹಾಸಿಗೆ ಕಟ್ಟಿಕೊಂಡು ಗಿವಾತ್ ತಿರೋಶ್ ಹತ್ತಿದರು. ಕಿತ್ತುಹಾಕಲು ಬರುವವರು ಮೊದಲು ಈ ಹೊಟ್ಟೆಯನ್ನು ಎತ್ತಿ ಹೊರಗಿಡಬೇಕು ಎಂದು ಅವನು ದಾರಿಯುದ್ದಕ್ಕೂ ಹೇಳಿಕೊಂಡು ಬಂದ. ಜೋಹರಾ, ಅದಕ್ಕೆ ಅವರು ಕ್ರೇನು ತರಬೇಕಾಗುತ್ತೆ ಎಂದು ಒಂದೇ ಸಲ ಹೇಳಿದಳು. ಬುಧವಾರದಿಂದ ಈಚೆಗೆ ಅವಳು ಆಡಿದ ಮೊದಲ ಹಾಸ್ಯ ಅದು. ಊರ ಬಾಗಿಲಿನ ಕಾವಲಿನವನು ಇವನನ್ನು ಕಂಡೂ ತಡೆಗಂಬ ಎತ್ತಲಿಲ್ಲ. ಅಮ್ರಾಮ್ ಇಳಿದು ತಾನೇ ಎತ್ತಿ, ಕಾರು ಒಳಗೆ ಬಿಟ್ಟು, ಮತ್ತೆ ಇಳಿಸಿ ಬಂದ.

ಕೊನೆಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು. ಒಡೆಲ್ಯಾ ಆಗಲೇ ಸಾಮಾನು ಕಟ್ಟಲು ಶುರು ಮಾಡಿದ್ದಳು. ಅಪ್ಪನನ್ನು ನೋಡಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಜೋಹರಾ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದಳು.

ಅಮ್ರಾಮ್ ಹತ್ತಿರದ ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಅಂಟುಪಟ್ಟಿ ಕಿತ್ತ. ಒಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ತಟ್ಟೆಗಳು. ಒಂದೊಂದನ್ನೇ ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸಿ ಕಪಾಟಿಗೆ ಜೋಡಿಸತೊಡಗಿದ. ಮಗಳು ಕೈಯಲ್ಲಿ ಅಂಟುಪಟ್ಟಿಯ ಸುರುಳಿ ಹಿಡಿದು ನೋಡುತ್ತಾ ನಿಂತಳು. ಅವನು ಕಟ್ಟಿದ್ದನ್ನು ಬಿಚ್ಚುತ್ತಾನೆ, ಅವಳು ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು, ಅಷ್ಟು ಅವಳಿಗೆ ಸಾಧ್ಯವಿತ್ತು. ಹನ್ನೆರಡು ತಟ್ಟೆ ಮೇಲೆ ಹೋದವು. ಹದಿಮೂರನೆಯದನ್ನೂ ಮೇಲಿಟ್ಟ.

"ಅಪ್ಪಾ," ಎಂದಳು ಒಡೆಲ್ಯಾ. "ಅವು ಮಾಂಸದ ತಟ್ಟೆ. ಅದು ಹಾಲಿನ ಕಪಾಟು."

ಮಾಂಸದ ಪಾತ್ರೆಯೂ ಹಾಲಿನ ಪಾತ್ರೆಯೂ ಒಂದಕ್ಕೊಂದು ಸೋಕಬಾರದ ಮನೆ ಅದು. ಅವನು ಹದಿಮೂರೂ ತಟ್ಟೆಯನ್ನು ಇಳಿಸಿದ. ಅವಳು ಸುರುಳಿಯನ್ನು ಕಿಟಕಿಯ ಮೇಲಿಟ್ಟು ಬಂದು, ಎದುರು ಗೋಡೆಯ ಕಪಾಟಿನ ಬಾಗಿಲು ತೆಗೆದು ಹಿಡಿದಳು.